ಶನಿವಾರದ ಅರವತ್ತೇಳು ಫೋಟೊ ಮತ್ತು ಒಂದು ವಿಡಿಯೊ

ಎಲ್ಲ ರಗಳೆ ಶುರುವಾದದ್ದು ಬಸವಪ್ರಸಾದನ ಹೆಬ್ಬೆರಳಿನಿಂದ. ಒಂದೊಂದೇ ಫೋಟೊ ಆರಿಸುವ ತಾಳ್ಮೆ ಅದಕ್ಕೆಲ್ಲಿಂದ ಬರಬೇಕು? ‘ಶನಿವಾರ’ ಅಂತಿದ್ದ ಕಡೆ ಒಮ್ಮೆ ಒತ್ತಿತು, ‘ಕಳಿಸು’ ಅಂತಿದ್ದ ಕಡೆ ಇನ್ನೊಮ್ಮೆ ಒತ್ತಿತು, ಕತೆ ಮುಗೀತು.

ಅಂದು ಭಾನುವಾರ. ಪ್ರಸಾದ, ಅವನ ಹೆಂಡತಿ ವೈಶಾಲಿ ಇಬ್ಬರೂ ಡಚ್ ಊರಾದ ಜೂಟರ್‌ಮೀರ್‌ನಲ್ಲಿದ್ದ ಹರಿಪ್ರಸಾದರ ಮನೆಗೆ ಬಂದಿದ್ದರು. ಹಿಂದಿನ ದಿನ ಎರಡೂ ಸಂಸಾರ ಸೇರಿ ನೈಮೆಗನ್ ಊರು ಸುತ್ತಿದ್ದ ಫೋಟೊ ಎಲ್ಲ ಪ್ರಸಾದನ ಫೋನಿನಲ್ಲಿದ್ದವು. ವಾಟ್ಸಾಪ್‌ಗೆ ಹಾಕ್ತೀನಿ ಅಂದರೆ ಹರಿಪ್ರಸಾದರು ಕೇಳಲಿಲ್ಲ.

“ಅಲ್ರೀ, ಮೊಣಕಾಲಿಗೆ ಮೊಣಕಾಲು ತಾಗ್ಸಿ ಕೂತಿದ್ದೀವಿ. ಫೋಟೊ ಯಾಕ್ರೀ ಪ್ರಪಂಚ ಸುತ್ತಿ ಮಸುಕಾಗಿ ಬರ್ಬೇಕು? ಫೋನಿಂದ ಫೋನಿಗೆ ಡೈರೆಕ್ಟ್ ಕಳ್ಸಿ!”

ಹರಿಪ್ರಸಾದರು ಆಫೀಸಿನಲ್ಲಿ ಪ್ರಸಾದನ ಮೇಲಧಿಕಾರಿ. ಸೋಮವಾರ ಅವರು ಬರೆದುಕೊಡುವ ಒಂದು ಪುಟದಿಂದ ಪ್ರಸಾದನ ನೌಕರಿ ಕಾಯಂ ಆಗಬೇಕಿತ್ತು. ಹಾಗಾಗಿ ಅವರು ಹೇಳಿದ್ದೇ ಸರಿ. ಹರಿಪ್ರಸಾದರ ಫೋನು, ಅವರ ಹೆಂಡತಿ ನಾಗಮಣಿಯವರ ಫೋನು ಎರಡಕ್ಕೂ ಅರವತ್ತೇಳು ಫೋಟೊ ಹೋದವು. ಜೊತೆಗೆ ಒಂದು ವಿಡಿಯೊನೂ ಹೋಯಿತು.

ಪಟ್ಟಿಯ ಕೊನೆಯಲ್ಲಿ ಅದನ್ನು ಕಂಡಾಗಲೇ ಪ್ರಸಾದನಿಗೆ ನೆನಪಾದದ್ದು. ಶನಿವಾರ ಸಂಜೆ ಮನೆಯಲ್ಲಿ ಹೊಸ ಕಪಾಟು ಜೋಡಿಸುವಾಗ ಸುತ್ತಿಗೆ ಸಿಕ್ಕಿರಲಿಲ್ಲ. ರೈಲಿನಲ್ಲಿ ನಾಗಮಣಿ ಕೊಟ್ಟಿದ್ದ ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು ಅದರಿಂದಲೇ ಮರದ ಗೂಟ ಹೊಡೆದಿದ್ದ. ಹುಬ್ಬಳ್ಳಿಯ ಮೈದುನ ಕಿರಣನಿಗೆ ಕಳಿಸಲೆಂದು ವೈಶಾಲಿ ಅದನ್ನು ವಿಡಿಯೊ ಮಾಡಿದ್ದಳು. ಅದರಲ್ಲಿ ಪ್ರಸಾದ, “ನೋಡಲೇ ಕಿರಣ್ಯಾ, ನಾಗಮಣಿ ಮೇಡಮ್ಮಾರ ಕೋಡಬಳಿ! ಗೂಟ ಒಳಗ ಹೋತು, ಕೋಡಬಳಿ ಹಂಗ ಐತಿ. ಇಪ್ಪತ್ತ ವರ್ಷ ಗ್ಯಾರಂಟಿ!” ಎಂದು ಕುಣಿದಿದ್ದ.

“ಏನ್ರೀ, ಮಾರಿ ಯಾಕ ಹಂಗ ಆತು?” ಎಂದು ವೈಶಾಲಿ ಪಿಸುಗುಟ್ಟಿದಳು.

“ಕೋಡಬಳಿ ವಿಡಿಯೊನೂ ಹೋತು.”

“ನನ್ನ ನಗೂನೂ ಐತಲ್ರೀ ಅದರಾಗ!” ಎಂದು ಆಕೆ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಅಷ್ಟರಲ್ಲಿ ಹರಿಪ್ರಸಾದರು ಯಾರದೋ ಕರೆ ಬಂತೆಂದು ಫೋನು ಹಿಡಿದು ಬಾಲ್ಕನಿಗೆ ಹೋದರು. ಇತ್ತ ನಾಗಮಣಿ ಒಂದೊಂದೇ ಫೋಟೊ ಸರಿಸತೊಡಗಿದರು. “ಅಯ್ಯೋ, ಸೇತುವೆ ಮೇಲೆ ಇವ್ರ ಹೊಟ್ಟೆ ನೋಡ್ರೀ!” ಅರವತ್ತು... ಅರವತ್ತೊಂದು...

“ಮೇಡಂ, ಫೋನ್ ಗ್ಲಾಸ್ ಮೇಲೆ ಧೂಳಿದೆ, ಒರೆಸಿ ಕೊಡ್ಲಾ?” ಎಂದ ಪ್ರಸಾದ.

“ಬೇಡ, ಈಗ ತಾನೇ ಒರೆಸಿದ್ದೀನಿ.” ಅರವತ್ತೈದು. ಅರವತ್ತಾರು.

ಬೇರೆ ದಾರಿ ಕಾಣದೆ ಪ್ರಸಾದ ಬಿಸಿ ಚಹಾದ ಕಪ್ಪನ್ನು ತನ್ನ ತೊಡೆಯ ಮೇಲೆಯೇ ಸುರಿದುಕೊಂಡ. “ಯವ್ವಾ!” ಎಂಬ ಕೂಗು ಮಾತ್ರ ನಾಟಕದ್ದಾಗಿರಲಿಲ್ಲ. ನಾಗಮಣಿ ಫೋನು ಬಿಸಾಕಿ ಬಟ್ಟೆ ತರಲು ಓಡಿದರು. ಪ್ರಸಾದ ಉರಿಯುವ ತೊಡೆಗೆ ಗಾಳಿ ಊದಿಕೊಳ್ಳುತ್ತಲೇ ಅವರ ಫೋನಿನಿಂದ ವಿಡಿಯೊ ಅಳಿಸಿದ, ಅಳಿಸಿದ್ದರ ಬುಟ್ಟಿಯಿಂದಲೂ ಅಳಿಸಿದ.

ಇನ್ನು ಹರಿಪ್ರಸಾದರ ಫೋನು. ಗಂಡಸರ ಕಷ್ಟ ಗಂಡಸರಿಗೆ ಗೊತ್ತಾಗದೇ ಇರುತ್ತದೆಯೇ? ಪ್ರಸಾದ ಒದ್ದೆ ಪ್ಯಾಂಟಿನಲ್ಲೇ ಬಾಲ್ಕನಿಗೆ ಹೋಗಿ ಎಲ್ಲ ಒಪ್ಪಿಕೊಂಡ. “ಸರ್, ಒಂದು ವಿಡಿಯೊ ತಪ್ಪಿ ಬಂದಿದೆ. ಮೇಡಂ ಕೋಡುಬಳೆ ಬಗ್ಗೆ ಸುಮ್ನೆ ತಮಾಷೆ. ನೀವಂತೂ ದಿನಾ ತಿನ್ನೋರು, ನಿಮಗೇ ಅರ್ಥ ಆಗುತ್ತೆ. ಅವ್ರು ನೋಡೋದ್ರೊಳಗೆ ಡಿಲೀಟ್ ಮಾಡ್ಬಿಡಿ ಸರ್.”

ಹರಿಪ್ರಸಾದರು ವಿಡಿಯೊ ನೋಡಿದರು. ಮತ್ತೊಮ್ಮೆ ನೋಡಿದರು. “ಹೂಂ, ಅವಳಿಗೆ ತೋರ್ಸಲ್ಲ” ಎಂದಷ್ಟೇ ಹೇಳಿ ಹೊರಗಿನ ಕಾಲುವೆಯತ್ತ ತಿರುಗಿದರು.

ಪ್ರಸಾದನಿಗೆ ಹೋದ ಜೀವ ಬಂದಂತಾಯಿತು. ಒಳಗೆ ಬಂದವನೇ ಖುಷಿಗೆ ನಾಗಮಣಿಯವರನ್ನು ಹೊಗಳಿ ಅಟ್ಟಕ್ಕೇರಿಸಿದ. “ಮೇಡಂ, ಕೋಡುಬಳೆ ಅಂದ್ರೆ ನಿಮ್ಮದು ನೋಡಿ! ಏನು ರುಚಿ, ಏನು ಗರಿಗರಿ!”

“ನಂದಾ?” ನಾಗಮಣಿ ನಕ್ಕುಬಿಟ್ಟರು. “ನಾನು ಎಣ್ಣೆ ಬಾಣಲೆ ಮುಟ್ಟಿ ಹತ್ತು ವರ್ಷ ಆಯ್ತು. ಶುಕ್ರವಾರ ವರ್ಕ್ ಫ್ರಮ್ ಹೋಮ್ ಹಾಕ್ಕೊಂಡು ಕೋಡುಬಳೆ ಕರಿಯೋದು ಇವ್ರು. ಯಾರಾದ್ರೂ ಒಂದು ಮಾತು ಅಂದ್ರೆ ಎರಡು ದಿನ ಊಟ ಬಿಡ್ತಾರೆ.”

ಬಾಲ್ಕನಿಯ ಬಾಗಿಲು ತೆರೆಯಿತು.

“ಪ್ರಸಾದ್,” ಎಂದರು ಹರಿಪ್ರಸಾದರು ಬಹಳ ಮೆತ್ತಗೆ, “ನಾಳೆ ಹತ್ತು ಗಂಟೆಗೆ ನನ್ನ ಕ್ಯಾಬಿನ್‌ಗೆ ಬನ್ನಿ. ತಿಂಡಿ ತಿನ್ನದೆ ಬನ್ನಿ. ಡಬ್ಬಿ ತುಂಬ ತರ್ತೀನಿ. ನೀವು ಅಷ್ಟನ್ನೂ ತಿಂದು ಮುಗಿಸ್ತಿದ್ದ ಹಾಗೆ ನಾನು ಆ ಪುಟ ಬರಿಯೋಕೆ ಶುರು ಮಾಡ್ತೀನಿ.”