ಇಂಟರ್ನೆಟ್ ತೆವಳುತ್ತಿರುವುದಕ್ಕೆ ನಾನು ಕಾರಣನಲ್ಲ ಎಂಬ ಬಗ್ಗೆ

ಇಂದ,
ಮೂರನೇ ಮಹಡಿ ಮೂಲೆಮನೆಯ ಯಜಮಾನ
(ಹೆಂಡತಿ ಹೊರಗೆ ಹೋಗಿರುವವರೆಗೆ)

ಗೆ,
ದೂರು ವಿಭಾಗದ ಮುಖ್ಯಸ್ಥರು,
ನಮ್ಮ ಬೀದಿಗೆ ಇಂಟರ್ನೆಟ್ ಕೊಡುವ ಕಚೇರಿ

ವಿಷಯ: ನನ್ನ ಕಂಪ್ಯೂಟರಿನ ಇಂಟರ್ನೆಟ್ ತೆವಳುತ್ತಿದ್ದು, ಅದರಲ್ಲಿ ನನ್ನ ಕೈವಾಡ ಇಲ್ಲದಿರುವ ಬಗ್ಗೆ.

ಉಲ್ಲೇಖ: ನಿನ್ನೆ ಹೆಂಡತಿ ನನ್ನತ್ತ ಬೀರಿದ ನೋಟ.

ಮಾನ್ಯರೇ,

ಹುಟ್ಟಿದಾಗ ಹೆರಿಗೆ ಕೋಣೆಯಲ್ಲಿ ಮಿಣುಕುತ್ತಿದ್ದ ಟ್ಯೂಬ್‌ಲೈಟನ್ನು ಮೊದಲು ಸರಿಪಡಿಸಿ, ಆಮೇಲಷ್ಟೇ ಅಳಲು ಆರಂಭಿಸಿದ ವ್ಯಕ್ತಿ ನಾನು. ಅಂದಿನಿಂದ ನನ್ನ ಕೈ ಸೋಕಿದ ಯಂತ್ರ ಕೆಟ್ಟ ಉದಾಹರಣೆ ಇಲ್ಲ. ಆದ್ದರಿಂದ ತಪ್ಪು ತಮ್ಮದೇ ಎಂದು ತಿಳಿಸಲು ವಿಷಾದಿಸುತ್ತೇನೆ.

೧. ನಾಳೆ ಬೆಳಿಗ್ಗೆ ಹೆಂಡತಿಗೆ ಈ ಕಂಪ್ಯೂಟರಿನಲ್ಲೇ ಕೆಲಸದ ಸಂದರ್ಶನವಿದೆ. ಮಗಳಿಗಾಗಿ ಬಿಟ್ಟಿದ್ದ ಅಕೌಂಟ್ಸ್ ಕೆಲಸಕ್ಕೆ ವರ್ಷಗಳ ನಂತರ ಬಂದಿರುವ ಮೊದಲ ಕರೆ ಇದು. "ರಿಪೇರಿಯವರನ್ನ ಕರೆಸ್ರೀ" ಎಂದು ಅವಳು ಹೇಳಿದಾಗ, "ನಾನಿರೋವಾಗ ಅವರ್ಯಾಕೆ?" ಎಂದವನು ನಾನೇ ಆದ ಕಾರಣ, ವಿಷಯ ತುರ್ತಿನದು.

೨. ನಿನ್ನೆ ತಾಲೀಮಿಗೆಂದು ಅವಳು ತಂಗಿಗೆ ವೀಡಿಯೊ ಕರೆ ಮಾಡಿದಳು. "ಅಕ್ಕಾ, ಅರ್ಧ ಬಾಯಿ ತೆರೆದು ಹಾಗೇ ನಿಂತುಬಿಟ್ಟಿದ್ದೀಯ ಕಣೆ" ಎಂದಳು ನಾದಿನಿ. ಪಕ್ಕದಲ್ಲಿದ್ದ ನನ್ನನ್ನು ಕಂಡು, "ಭಾವ ಮಾತ್ರ ಯಾವಾಗ್ಲೂ ಇರೋ ಹಾಗೇ ಇದ್ದಾರೆ" ಎಂದೂ ಸೇರಿಸಿದಳು.

೩. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ. ರೌಟರಿನ ಬೆನ್ನು ತಟ್ಟಿದೆ. ಬೇಡದ ಫೈಲುಗಳನ್ನೆಲ್ಲ ಅಳಿಸಿದೆ. ಅವುಗಳಲ್ಲಿ ಬೇಕಾದವೂ ಇದ್ದವೆಂದು ಮಗಳು ಆಮೇಲೆ ತಿಳಿಸಿದಳು. ವೇಗ ಅಳೆದು ನೋಡಿದರೆ, ಬಸವನಹುಳು ಕನಿಕರಪಟ್ಟು ಬೆನ್ನ ಮೇಲೆ ಕೂರಿಸಿಕೊಳ್ಳುವಂತಿತ್ತು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ಬೀದಿಕಂಬದಿಂದ ಬರುವ ತಂತಿಯನ್ನು ಪೂರ್ತಿ ಬದಲಿಸಬೇಕಾಗಿ ಕೋರುತ್ತೇನೆ.

ತಿದ್ದುಪಡಿ: ಮೇಲಿನ ಅರ್ಜಿ ಕಳುಹಿಸಲು ಗುಂಡಿ ಒತ್ತಿದೆ. ಅದು ಹೋಗದೆ ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಹೆಂಡತಿ ಮನೆಗೆ ಬಂದು, ಒದ್ದೆ ಬಟ್ಟೆ ಹರವಲು ಬಾಲ್ಕನಿಗೆ ಹೋಗಿ, ಬಿಚ್ಚಿಕೊಂಡ ನೀಲಿ ಹಗ್ಗವನ್ನು ಕೈಯಲ್ಲಿ ಹಿಡಿದು ಬಂದು, ನನ್ನ ಬೆನ್ನ ಹಿಂದೆ ನಿಂತು ಇಷ್ಟನ್ನೂ ಓದಿದಳು.

"ಆನೆ ಕಟ್ಟಿದ್ರೂ ಹರಿಯಲ್ಲ ಅಂತ ತಂದು ಕಟ್ಟಿದ್ರಲ್ಲ, ಈ ಹಗ್ಗಕ್ಕೆ ಪ್ಲಗ್ ಯಾಕ್ರೀ ಇದೆ?"

ನಾನು ಕಳುಹಿಸುವ ಗುಂಡಿಯನ್ನು ಮತ್ತೊಮ್ಮೆ ಒತ್ತಿದೆನು.

"ಹಾಲ್‌ನಲ್ಲಿರೋ ರೌಟರಿಂದ ಈ ಕಂಪ್ಯೂಟರಿಗೆ ಬರ್ತಿದ್ದ ಕೇಬಲ್ ಎಲ್ಲಿ?"

ಕಾರಣ, ಒಪ್ಪಿಕೊಳ್ಳುವುದೇನೆಂದರೆ: ಬಟ್ಟೆ ಒಣಹಾಕಲು ಹಗ್ಗ ತನ್ನಿ ಎಂದು ಅವಳು ತಿಂಗಳುಗಟ್ಟಲೆ ಹೇಳಿದ್ದಳು. ಅಂಗಡಿಯವರೆಗೆ ನಡೆಯಲಾರದೆ ಆ ಕೇಬಲನ್ನೇ ಕಿತ್ತು, ಎರಡು ತುಂಡು ಮಾಡಿ ಕಟ್ಟಿದೆ. ವೈಫೈ ಎರಡು ಗೋಡೆ, ಒಂದು ಕಬ್ಬಿಣದ ಬೀರು ದಾಟಿ ಕುಂಟುತ್ತ ಬರಲೆಂದು ಬಿಟ್ಟೆ. ಟ್ಯೂಬ್‌ಲೈಟ್ ಸರಿಪಡಿಸಿದ್ದು ನರ್ಸು.

ಈಗ ಹೆಂಡತಿಯ ಆದೇಶದಂತೆ ಕಂಪ್ಯೂಟರನ್ನು ಹಾಲ್‌ಗೆ ಹೊತ್ತೊಯ್ದು, ರೌಟರಿನ ಡಬ್ಬದಲ್ಲೇ ಉಳಿದಿದ್ದ ಮೊಳದುದ್ದದ ಕೇಬಲ್ ಸಿಕ್ಕಿಸಲಾಗಿದೆ. ಅವಳು ತಂಗಿಯೊಡನೆ ಮತ್ತೆ ತಾಲೀಮು ನಡೆಸಿದಳು. ಯಾರ ಬಾಯಿಯೂ ಅರ್ಧಕ್ಕೆ ನಿಲ್ಲಲಿಲ್ಲ. ಆದ್ದರಿಂದ ತಂತಿ ಬದಲಿಸುವುದು ಬೇಡ. ಉತ್ತರದಲ್ಲಿ "ದೋಷ ನಮ್ಮ ಕಡೆಯದು" ಎಂದು ಒಂದು ಸಾಲು ಬರೆದರೆ ಸಾಕು. ಹೆಂಡತಿ ನಂಬುವುದಿಲ್ಲ, ನಾದಿನಿಗೆ ತೋರಿಸಲು ಬೇಕು.

ತಮ್ಮ ವಿಶ್ವಾಸಿ
(ಮನೆಯಲ್ಲಿ ಈ ಪದವಿ ಸದ್ಯ ಅಮಾನತಿನಲ್ಲಿದೆ)

ಅಡಕ:
೧. ಕೇಬಲ್ ತುಂಡುಗಳ ಚಿತ್ರ, ಬಟ್ಟೆ ಕ್ಲಿಪ್ಪು ಸಹಿತ.
೨. ಹೆಂಡತಿಯ ನೋಟದ ಚಿತ್ರ ತೆಗೆಯಲು ಧೈರ್ಯವಾಗದ ಕಾರಣ ಲಗತ್ತಿಸಿಲ್ಲ.

ವಿ.ಸೂ.: ತಮ್ಮ ಕಡೆಯವರು ಯಾರಾದರೂ ಈ ಬೀದಿಗೆ ಬರುವುದಿದ್ದರೆ ಹತ್ತು ಮೊಳ ಹಗ್ಗ ತರಬೇಕಾಗಿ ವಿನಂತಿ. ಒದ್ದೆ ಬಟ್ಟೆಗಳು ಈಗ ನನ್ನ ಚಾಚಿದ ಕೈಗಳ ಮೇಲಿದ್ದು, ಇದನ್ನು ಮಗಳಿಂದ ಬರೆಸಲಾಗಿದೆ.