ಪಾಲಪಿಟ್ಟ ನೋಡಲು ಹೋದವರು

ಹಕ್ಕಿ ನೋಡಲು ಹೋದವರಿಗೆ ಹಕ್ಕಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕಾಣುತ್ತದೆ. ಈ ಮಾತು ನನಗೆ ಗೊತ್ತಾದದ್ದು ಚಳಿಗಾಲದ ರಜೆಗೆ ಹೈದರಾಬಾದಿಗೆ ಹೋದಾಗ. ಬಾಗಲಕೋಟೆ ಕಡೆಯ ನಮ್ಮ ಹಳ್ಳಿಯಿಂದ ನಾನೂ ಮನೆಯವಳೂ ಮಲ್ಕಾಜ್‌ಗಿರಿಯ ಮಗಳ ಮನೆಗೆ ಹೋಗಿದ್ದೆವು. ಅಳಿಯ ಗುಂಟೂರು ಕಡೆಯವ, ರೈಲ್ವೆ ನೌಕರ. ರಜೆ ಸಿಕ್ಕರೆ ಸಾಕು, ಕೊರಳಿಗೆ ದುರ್ಬೀನು ಹಾಕಿಕೊಂಡು ಕೆರೆ ದಂಡೆಗೆ ಹೊರಡುವವ. ಈ ಸಲ ನಮ್ಮನ್ನೂ ಕಟ್ಟಿಕೊಂಡು ತಿರುಗಿದ. ಪಾಪ, ಅವನ ತಾಳ್ಮೆಗೆ ಭಗವಂತ ಒಳ್ಳೆಯದು ಮಾಡಲಿ.

ಹಾಲಿನ ಬಣ್ಣ

ಹೋದ ದಿನವೇ ಪಕ್ಕದ ಮನೆಯ ತೆಲುಗು ಅಮ್ಮ ಹೇಳಿದರು: "ಇಲ್ಲಿಯವರೆಗೆ ಬಂದೀರಿ, ಪಾಲಪಿಟ್ಟ ನೋಡಿಕೊಂಡೇ ಹೋಗಿ. ಅದನ್ನು ನೋಡಿ ಮನಸ್ಸಿನಲ್ಲಿ ಬೇಡಿಕೊಂಡದ್ದು ಆಗುತ್ತದೆ."

ಮನೆಯವಳು ನನ್ನ ಮುಖ ನೋಡಿದಳು. ನಾನು ಹಳ್ಳಿ ಸಾಲೆಯಲ್ಲಿ ಕಲಿತವನಾದರೂ ಅರ್ಥ ಹೇಳುವುದರಲ್ಲಿ ಹಿಂದೆ ಬಿದ್ದವನಲ್ಲ. "ಪಾಲು ಅಂದ್ರ ಹಾಲು, ಪಿಟ್ಟ ಅಂದ್ರ ಹಕ್ಕಿ. ನಮ್ಮ ಹಾಲಕ್ಕಿನ ಅದು" ಎಂದೆ.

ನಮ್ಮ ಕಡೆ ಹಾಲಕ್ಕಿ ನಸುಕಿನಲ್ಲಿ ಶಕುನ ನುಡಿಯುವ ಹಕ್ಕಿ. ಅದನ್ನು ನೋಡುವುದಲ್ಲ, ಕೇಳುವುದು. ಮರುದಿನ ಇನ್ನೂ ಬೆಳಕು ಹರಿಯುವ ಮೊದಲೇ ಈಕೆ ಶಾಲು ಹೊದ್ದು ಬಾಲ್ಕನಿಯಲ್ಲಿ ಕಿವಿಗೊಟ್ಟು ಕುಳಿತಿದ್ದಳು. ಅಳಿಯ ಎದ್ದು ಬಂದು, ವಿಷಯ ತಿಳಿದು, ಫೋನಿನಲ್ಲಿ ಪಾಲಪಿಟ್ಟದ ಫೋಟೋ ತೋರಿಸಿದ. ರೆಕ್ಕೆ ತುಂಬಾ ನೀಲಿ. ನಮ್ಮ ನೀಲಕಂಠ! ಶಿವನ ಹೆಸರಿನ ಹಕ್ಕಿ ಎಂದು ನಾನು ಫೋನಿಗೇ ಕೈ ಮುಗಿದೆ.

ಈಕೆ ಮಾತ್ರ ಫೋನನ್ನು ಆಚೆ ಈಚೆ ತಿರುಗಿಸಿ ನೋಡಿ ಕೇಳಿದಳು: "ಬಣ್ಣ ನೋಡಿದ್ರ ನೀಲಿ, ಹೆಸರು ನೋಡಿದ್ರ ಹಾಲು. ಈ ಊರಾಗ ಹಾಲಿಗೆ ಏನು ಬೆರಸ್ತಾರವ್ವಾ?"

ಬೇಡಿಕೆ

ಇಷ್ಟು ನಸುಕಿನಲ್ಲಿ ಎದ್ದು ಏನು ಬೇಡಿಕೊಳ್ಳುವುದಿತ್ತು ಎಂದು ಕೇಳಿದೆ. ಸೆರಗಿನ ತುದಿ ತಿರುವುತ್ತ ಹೇಳಿದಳು: "ಅಳಿಯ ನಿಮಗ ಮಾವಯ್ಯ ಅಂತಾನ. ನನಗ ಮಾತ್ರ ಆಂಟಿ ಅಂತಾನ. ಹಾಲು ಹಾಕೂ ಹುಡುಗನೂ ಆಂಟಿ ಅಂತಾನ. ಒಮ್ಮೆರ ಅವ್ವ ಅನಬಾರದೇನ್ರಿ?"

ಇದರ ಹಿಂದೆ ಒಂದು ಕತೆಯಿದೆ. ಮದುವೆ ದಿನ ಅವನು ತನ್ನ ಭಾಷೆಯಲ್ಲಿ ಬಾಯಿ ತುಂಬ "ಅತ್ತಯ್ಯಾ" ಎಂದು ಕರೆದಿದ್ದ. ವಾಲಗದ ಗದ್ದಲದಲ್ಲಿ ಈಕೆ ಗಾಬರಿಯಾಗಿ "ಯಾರು ಅತ್ತರಪಾ? ಯಾಕ ಅತ್ತರು?" ಎಂದು ಮಂಟಪವೆಲ್ಲ ಹುಡುಕಾಡಿದ್ದಳು. ಅಂದಿನಿಂದ ಹುಡುಗ ಹೆದರಿ ಆಂಟಿಗೆ ಇಳಿದಿದ್ದ.

"ನೀನ ಬಾಯಿಬಿಟ್ಟು ಹೇಳಿಬಿಡು ಅವಗ" ಎಂದೆ.

"ಕೇಳಿ ಅನಿಸಿಕೊಂಡ್ರ ಅದು ಅವ್ವ ಆಕ್ಕೈತೇನ್ರಿ? ಲಂಚ ಆಕ್ಕೈತಿ."

ಮುಗಿದ ಕೈ

ತಿರುಗಾಟದ ಮೊದಲ ದಿನ ಗಂಡಿಪೇಟೆ ಕೆರೆಗೆ ಹೋದೆವು. ಅಳಿಯ ದುರ್ಬೀನನ್ನು ನನ್ನ ಕೊರಳಿಗೆ ಹಾಕಿದ. ತಲೆಯ ಮೇಲೆ ದೊಡ್ಡದೊಂದು ಹಕ್ಕಿ ಸುತ್ತುತ್ತಿತ್ತು. ಗರುಡ! ಸಣ್ಣಂದಿನಿಂದ ಬಂದ ರೂಢಿ, ದುರ್ಬೀನು ಬಿಟ್ಟು ಎರಡೂ ಕೈ ಎತ್ತಿ ಮುಗಿದೆ. ದುರ್ಬೀನು ಬಂದು ಎದೆಗೆ ಗುದ್ದಿತು.

ಅಳಿಯ ಮೆಲ್ಲಗೆ, "ಮಾವಯ್ಯ, ಅದು ಗರುಡ ಅಲ್ಲ, ಬರೇ ಹದ್ದು" ಎಂದ.

ಮುಗಿದ ಕೈ ವಾಪಸು ತೆಗೆದುಕೊಳ್ಳಲು ಬರುತ್ತದೆಯೇ? ನಾನು ಯೋಚಿಸುತ್ತಿರುವಾಗಲೇ ಮನೆಯವಳು ಸಮಾಧಾನ ಹೇಳಿದಳು: "ಇರಲಿ ತಗೋರಿ. ಅವೆಲ್ಲಾ ಮ್ಯಾಲೆ ಓಡಾಡೂವ. ಗರುಡ ಸಿಕ್ಕಾಗ ಮುಟ್ಟಸ್ತೈತಿ."

ಕಟಕ ರೊಟ್ಟಿ

ಇನ್ನೊಂದು ದಿನ ಅಮೀನ್‌ಪುರ ಕೆರೆ. ಅಲ್ಲಿ ಅಳಿಯನ ಹಕ್ಕಿ ಗೆಳೆಯರು ಏಳೆಂಟು ಮಂದಿ, ಉದ್ದ ಮೂತಿಯ ಕ್ಯಾಮೆರಾ ಹಿಡಿದು ಉಸಿರು ಬಿಗಿಹಿಡಿದು ಕುಳಿತಿದ್ದರು. ಅವರ ಮುಖಂಡ ಗಡ್ಡದವ, ತುಟಿಯ ಮೇಲೆ ಬೆರಳಿಟ್ಟೇ ನಮ್ಮನ್ನು ಸ್ವಾಗತಿಸಿದ. ನೀರಿನ ಮೇಲೆ ಬಾತುಗಳು ಹಿಂಡುಗಟ್ಟಿದ್ದವು. ದೇವರ ಗುಡಿಯಲ್ಲೂ ಅಷ್ಟು ಮೌನ ನಾನು ಕಂಡಿಲ್ಲ.

ಆ ಮೌನದಲ್ಲಿ ಮನೆಯವಳಿಗೆ ಹಸಿವಾಯಿತು. ಬುತ್ತಿ ಬಿಚ್ಚಿ, ಊರಿಂದ ತಂದ ಒಣ ಜೋಳದ ರೊಟ್ಟಿ ಮುರಿದಳು.

"ಕಟಕ್!"

ಬಾತುಗಳೆಲ್ಲ ಒಮ್ಮೆಲೇ ಎದ್ದವು. ಗಡ್ಡದವ ತಿರುಗಿ ಕೆಂಗಣ್ಣಿನಿಂದ ನೋಡಿದ. ಈಕೆ ಅವನೂ ಹಸಿದಿದ್ದಾನೆ ಎಂದುಕೊಂಡು ಅರ್ಧ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೈಗಿಟ್ಟಳು. ಬೇಡ ಎನ್ನಲಾಗದೆ ಅವನು ಕಡಿದ. ಮತ್ತೆ ಕಟಕ್. ಸ್ವಲ್ಪ ಹೊತ್ತಿನಲ್ಲಿ ದಂಡೆಯ ತುಂಬ ಕಟಕ್ ಕಟಕ್. ಗಡ್ಡದವ ಬೆರಳು ನೆಕ್ಕುತ್ತ, "ಅಮ್ಮಾ, ಇಂಕೊಕಟಿ ಉಂದಾ?" ಎಂದ. ಇನ್ನೊಂದು ಇದೆಯೇ ಎಂದು.

ಕೆರೆಯಲ್ಲಿ ಒಂದೂ ಹಕ್ಕಿ ಉಳಿದಿಲ್ಲವೆಂಬುದು ಚಟ್ನಿ ತೀರುವತನಕ ಯಾರ ಗಮನಕ್ಕೂ ಬರಲಿಲ್ಲ.

ಬರುವಾಗ ಈಕೆ ಸಪ್ಪಗಿದ್ದಳು. "ಗಡ್ಡದವ ಅಮ್ಮಾ ಅಂದ ನೋಡ್ರಿ. ರೊಟ್ಟಿ ತಿಂದವರೆಲ್ಲ ಅಂದ್ರು. ನಮ್ಮವ ಮಾತ್ರ 'ಆಂಟಿ, ನೀರು ಕುಡೀತೀರಾ' ಅಂದ."

ಕಡೆಯ ದಿನ

ಮರುದಿನ ಊರಿಗೆ ಹೊರಡುವುದಿತ್ತು. ಪಾಲಪಿಟ್ಟ ಇನ್ನೂ ಕಂಡಿರಲಿಲ್ಲ. ಅಳಿಯ ಬೆಳಗಾಗುತ್ತಲೇ ನಮ್ಮನ್ನು ಊರ ಹೊರಗಿನ ಒಂದು ಸಣ್ಣ ಕೆರೆಗೆ ಕರೆದೊಯ್ದ. "ಮಾತಿಲ್ಲ, ಕೆಮ್ಮಿಲ್ಲ, ರೊಟ್ಟಿ ಇಲ್ಲ" ಎಂದು ಮೊದಲೇ ಕಟ್ಟಳೆ ಹಾಕಿದ.

ಏರಿಯ ಮೇಲೆ ನಡೆಯುತ್ತ ಗಕ್ಕನೆ ನಿಂತು ಬೆರಳು ತೋರಿಸಿದ. ಒಣ ಕೊಂಬೆಯ ಮೇಲೆ ಅದು ಕುಳಿತಿತ್ತು. ನನಗೆ ಕಂಡಿತು. ಈಕೆಗೆ ಎಲೆ ಅಡ್ಡ. ಕತ್ತು ಎತ್ತಿ, ಸರಿಯಾಗಿ ಕಾಣಲೆಂದು ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದೆ ಪಾಚಿ ಹಿಡಿದ ಇಳಿಜಾರು.

"ಅವ್ವಾ! ಜಾರ್ತೀರಿ!"

ಕೆಮ್ಮೂ ಕೂಡದು ಎಂದಿದ್ದವನೇ ಕೆರೆ ಮಾರ್ದನಿಗೊಡುವಂತೆ ಕೂಗಿ ಓಡಿಬಂದು ಅವಳ ರಟ್ಟೆ ಹಿಡಿದ. ಹಕ್ಕಿ ಹಾರಿಯೇ ಹೋಯಿತು.

"ಸಾರಿ ಆಂಟಿ" ಎಂದು ತಡವರಿಸಿದ. "ನಿಮ್ಮ ಮಗಳು ಕರೆಯೋದು ಕೇಳಿ ಕೇಳಿ ಬಾಯಿಗೆ ಬಂತು. ನಮ್ಮ ಕಡೆ ಅವ್ವ ಅಂದ್ರೆ ಮುದುಕಿ. ಅದಕ್ಕೇ ಇಷ್ಟು ದಿನ ಅನ್ನಲಿಲ್ಲ."

ಈಕೆ ಕಣ್ಣೊರೆಸಿಕೊಂಡಳು. "ಮುದುಕಿ ಅಲ್ಲದ ಮತ್ತೇನಪಾ ನಾನು? ಅನ್ನು. ಇನ್ನೊಮ್ಮೆ ಅನ್ನು."

ಅವನು ಅಂದ. ಈ ಸಲ ಮೆಲ್ಲಗೆ.

ಕಾರಿನಲ್ಲಿ ಬರುವಾಗ ರೈಲ್ವೆ ಗೇಟು ಹಾಕಿತ್ತು. ಕಾಯುತ್ತ ಕುಳಿತಾಗ ನೋಡುತ್ತೇನೆ, ಪಕ್ಕದ ತಂತಿಯ ಮೇಲೆ, ಕೈಗೆ ಸಿಗುವಷ್ಟು ಹತ್ತಿರ, ಪಾಲಪಿಟ್ಟ! ಎಲೆಯಿಲ್ಲ, ಅಡ್ಡಿಯಿಲ್ಲ. ನಾನು ಕೈ ಮುಗಿದು, "ಬೇಡ್ಕೊ, ಲಗೂನ ಬೇಡ್ಕೊ" ಎಂದೆ.

ಮನೆಯವಳು ಅದನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

"ಕೆಲಸ ಎಲ್ಲಾ ಮುಗದ ಮ್ಯಾಲೆ ಬಂದು ಕುಂತೈತಿ," ಎಂದಳು, "ಥೇಟ್ ನಿಮ್ಮಂಗ."