ಸವತಿಗೆ ಹೊಲಿದ ಕವರು

ಟಿವಿ ಪಕ್ಕದ ಆ ಗೇಮ್ ಕನ್ಸೋಲನ್ನು ಮೂಲೆಗೆ ಕೂರಿಸದಿದ್ದರೆ ನಾನು ದರ್ಜಿಯೇ ಅಲ್ಲ ಎಂದು ಪಣ ತೊಟ್ಟೆ. ನಮ್ಮ ಮನೆಯಲ್ಲಿ ಮಿಕ್ಸಿ, ರಿಮೋಟು, ಫ್ರಿಜ್ಜಿನ ಹಿಡಿಕೆ, ಎಲ್ಲಕ್ಕೂ ನಾನೇ ಹೊಲಿದ ಕವರಿದೆ. ಹೊಲಿಗೆ ಮೆಷಿನ್ನಿನ ಕವರು ಕೊಳೆಯಾಗಬಾರದೆಂದು ಅದಕ್ಕೂ ಒಂದು ಕವರಿದೆ. ಬರಿಮೈಯಲ್ಲಿ ಮೆರೆಯುತ್ತಿದ್ದದ್ದು ಆ ಪೆಟ್ಟಿಗೆ ಒಂದೇ.

ಹೊಟ್ಟೆಕಿಚ್ಚು, ಮುಚ್ಚುಮರೆ ಏಕೆ! ನನ್ನ ಗಂಡ ಆಫೀಸಿನಿಂದ ಬಂದರೆ ಶೂ ಬಿಚ್ಚುವ ಮೊದಲು ಅದರ ಗುಂಡಿ ಒತ್ತುತ್ತಿದ್ದರು. ಆಟದ ನಡುನಡುವೆ ಅದರ ಬೆನ್ನ ಮೇಲೆ ಅಂಗೈ ಇಟ್ಟು, "ಬಿಸಿ ಆಯ್ತಾ ಬಂಗಾರ? ಸ್ವಲ್ಪ ಸುಧಾರಿಸ್ಕೋ" ಎನ್ನುತ್ತಿದ್ದರು. ನನಗೆ ಜ್ವರ ಬಂದಾಗ ಬಾಗಿಲಲ್ಲೇ ನಿಂತು "ಮಾತ್ರೆ ತಗೊಂಡ್ಯಾ?" ಎಂದು ಕೇಳಿದ ಪುಣ್ಯಾತ್ಮರೂ ಇವರೇ.

ಕೆಂಪು ಮಖಮಲ್ಲು, ಒಳಗೆ ದಪ್ಪ ಹತ್ತಿ, ಅಂಚಿಗೆ ಲೇಸು. ವೈರುಗಳಿಗೂ ಗುಂಡಿಗೂ ಇಟ್ಟ ತೂತು ಬಿಟ್ಟರೆ ಸೂಜಿ ತೂರುವಷ್ಟೂ ಸಂದಿಲ್ಲ. ವೈರು ಕಿತ್ತು ದಿನಾ ಕವರು ತೆಗೆದು ಹಾಕುವ ಕಿರಿಕಿರಿಗೆ ಆಟವನ್ನೇ ಬಿಡುತ್ತಾರೆಂಬುದು ನನ್ನ ಲೆಕ್ಕ. ಇವರು ನೋಡಿ ಗದ್ಗದಿತರಾದರು.

"ನೀನೇ ಹೊಲಿದ್ಯಾ? ಇದಕ್ಕೆ?"

"ಧೂಳು ಕೂರಬಾರದು ಅಂತ" ಎಂದು ಹುಳ್ಳಗೆ ನಕ್ಕೆ.

"ಇಷ್ಟು ಪ್ರೀತಿಯಿಂದ ಹೊಲಿದಿದ್ದೀಯ. ಇದನ್ನ ತೆಗೆಯೋದೇ ಇಲ್ಲ, ಹಾಗೇ ಆಡ್ತೀನಿ."

ಆಡಿದರು. ಲೇಸು ಸವರುತ್ತ ಆಡಿದರು. ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ಕೊನೆಗೊಂದು ಸಂಜೆ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗಿತು, ಟಿವಿ ಕಪ್ಪಾಯಿತು, ಕವರಿನಿಂದ ಇಸ್ತ್ರಿಗೆ ಸೀದ ಬಟ್ಟೆಯ ವಾಸನೆ ಬಂತು.

ರಿಪೇರಿ ಅಂಗಡಿಯಾಕೆ ಪೆಟ್ಟಿಗೆ ಬಿಚ್ಚಿ, ಫ್ಯಾನಿಗೆ ಸುತ್ತಿಕೊಂಡ ಕೆಂಪು ಜುಂಗನ್ನು ಎಳೆದಳು. "ಇದು ತಣ್ಣನೆ ಗಾಳಿ ಎಳ್ಕೊಂಡು ಹಿಂದಿನಿಂದ ಬಿಸಿ ಗಾಳಿ ಬಿಡಬೇಕು. ರಜಾಯಿ ಹೊದಿಸಿದ್ರೆ ಬಿಟ್ಟ ಬಿಸೀನೇ ಮತ್ತೆ ಎಳ್ಕೊಳ್ಳುತ್ತೆ. ಬದುಕುತ್ತೋ ಇಲ್ವೋ, ವಾರ ಬಿಟ್ಟು ಹೇಳ್ತೀನಿ."

"ಬೈಬೇಡಿ" ಎಂದರು ಇವರು. "ನಮ್ಮನೆಯವಳ ಪ್ರೀತಿ ಜಾಸ್ತಿ ಆಯ್ತು, ಅಷ್ಟೆ."

ನಾನು ತಲೆ ತಗ್ಗಿಸಿದೆ. ಒಳಗೊಳಗೇ ಹಿಗ್ಗಿದೆ ಕೂಡ. ಸವತಿ ಆಸ್ಪತ್ರೆಯಲ್ಲಿ, ಗಂಡ ನನ್ನ ಪಾಲಿಗೆ!

ಅಂದಿನಿಂದ ಇವರು ಪ್ರತಿ ಸಂಜೆ ನನ್ನ ಮೆಷಿನ್ ಪಕ್ಕ ಬಂದು ಕೂತರು. "ಹೊಲಿಗೆ ವಾರೆ ಹೋಗ್ತಿಲ್ವಾ?" ಅಡುಗೆಮನೆಗೆ ಹೋದರೆ ಬೆನ್ನಿಗೇ ಬಂದರು. "ಈರುಳ್ಳಿ ಇನ್ನೂ ಸಣ್ಣಗೆ ಹೆಚ್ಚಬಾರ್ದಾ?" ನನ್ನ ಹಳೆಯ ಗಿರಾಕಿಗೆ, "ನಿಮಗೆ ಈ ಬಣ್ಣ ಒಪ್ಪಲ್ಲ ಬಿಡಿ" ಎಂದರು. ಆಕೆ ಬಟ್ಟೆ ಎತ್ತಿಕೊಂಡು ಹೋದವಳು ಮತ್ತೆ ಬರಲಿಲ್ಲ. ಇವರನ್ನು ನಿಲ್ಲಿಸುವ ಗುಂಡಿ ಎಲ್ಲಿದೆಯೋ ಹುಡುಕಿ ಸಾಕಾಯಿತು. ವಾರ ತುಂಬುವ ಮೊದಲೇ ಅಂಗಡಿಗೆ ಓಡಿ, "ಹೇಗಾದ್ರೂ ಮಾಡಿ ಅದನ್ನ ಬದುಕಿಸಿಕೊಡಮ್ಮಾ" ಎಂದು ಅಂಗಲಾಚಿದೆ.

ಬದುಕಿ ಬಂತು. ಈಗ ಅದಕ್ಕೆ ಕವರಿಲ್ಲ. ಗೋಡೆಯಿಂದ ಗೇಣು ದೂರ, ಎತ್ತರದ ಸ್ಟೂಲಿನ ಮೇಲೆ ಕೂತಿದೆ. ಜುಂಗು ತಾಗದಿರಲೆಂದು ನನ್ನ ಮೆಷಿನ್ನೇ ಬೇರೆ ಕೋಣೆಗೆ ಹೋಗಿದೆ. ನಿನ್ನೆ ಇವರು ಆಡುತ್ತಿದ್ದಾಗ ಗಾಬರಿಯಿಂದ ಅದರ ಬೆನ್ನ ಮೇಲೆ ಅಂಗೈ ಇಟ್ಟು ಕೇಳಿದೆ: "ಬಿಸಿ ಆಯ್ತಾ ಬಂಗಾರ?"

ಇವರು ಆಟ ನಿಲ್ಲಿಸಿ ಮುಖ ಊದಿಸಿಕೊಂಡರು. "ನಂಗೂ ಬೆಳಿಗ್ಗೆಯಿಂದ ಮೈ ಬೆಚ್ಚಗಿದೆ. ಕೇಳೋರು ಯಾರು?"

ಪೆಟ್ಟಿಗೆಯ ಮೇಲಿಂದ ಕೈ ತೆಗೆಯದೆ ಕೇಳಿದೆ:

"ಮಾತ್ರೆ ತಗೊಂಡ್ರಾ?"